ಸಿಟ್ಟಿಗೆ ಮಾತ್ರೆ ಕೊಡುವ ಮೊದಲು ಹಲ್ಲು ನೋಡಿ

ನನ್ನ ಚಿಕ್ಕಮ್ಮನ ಮಗನಿಗೆ ಬೌದ್ಧಿಕ ಅಸಾಮರ್ಥ್ಯವಿದೆ. ಬರೋದು ನಾಲ್ಕೈದೇ ಮಾತು. ಒಮ್ಮೆ ಇದ್ದಕ್ಕಿದ್ದಂತೆ ಕೆನ್ನೆಗೆ ಹೊಡೆದುಕೊಳ್ಳತೊಡಗಿದ. ‘ಇಂಥವರು ಹೀಗೇ’ ಅಂತ ವೈದ್ಯರೊಬ್ಬರು ಮಾತ್ರೆ ಬರೆದರು. ದಿನವಿಡೀ ತೂಕಡಿಸಿದ, ಎಚ್ಚರವಾದಾಗ ಮತ್ತೆ ಹೊಡೆದುಕೊಂಡ. ಎರಡು ತಿಂಗಳಾದ ಮೇಲೆ ಗೊತ್ತಾಯ್ತು, ದವಡೆ ಹಲ್ಲು ಹುಳುಕಾಗಿತ್ತು. ಕಿತ್ತ ಮೇಲೆ ಹೊಡೆದುಕೊಳ್ಳೋದು ನಿಂತಿತು.

ಎಲ್ಲವನ್ನೂ ಅಸಾಮರ್ಥ್ಯದ ತಲೆಗೆ ಕಟ್ಟುವ ಈ ತಪ್ಪಿಗೆ ವೈದ್ಯರು ಇಟ್ಟ ಹೆಸರು ‘ಡಯಾಗ್ನಾಸ್ಟಿಕ್ ಓವರ್‌ಶ್ಯಾಡೋಯಿಂಗ್’. ಕಿವಿ ಸೋಂಕು, ಮಲಬದ್ಧತೆ, ಮೂರ್ಛೆರೋಗ ಮಾತ್ರವಲ್ಲ, ಖಿನ್ನತೆ, ಆತಂಕಗಳೂ ಹೀಗೆ ಮುಚ್ಚಿಹೋಗುತ್ತವೆ. ಮಾತು ಬಾರದವರಲ್ಲಿ ಖಿನ್ನತೆ ನಿದ್ದೆಗೇಡಾಗಿ, ಊಟ ಬಿಡುವುದಾಗಿ, ಸಿಟ್ಟಾಗಿ ಕಾಣಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಬುದ್ಧಿಮಾಂದ್ಯತೆಯನ್ನು ಮಾನಸಿಕ ಕಾಯಿಲೆ ಅನ್ನೋದಿಲ್ಲ. ಸರಿಯೇ. ಆದರೆ ಅವರಿಗೂ ಮಾನಸಿಕ ಕಾಯಿಲೆ ಬರುತ್ತದೆ.

ಇನ್ನು ಮಾತ್ರೆ. 2008ರಲ್ಲಿ ‘ದಿ ಲ್ಯಾನ್ಸೆಟ್’ ಪ್ರಕಟಿಸಿದ ಪ್ರಯೋಗದಲ್ಲಿ, ಆಕ್ರಮಣಕಾರಿ ವರ್ತನೆಯ 86 ಮಂದಿಯನ್ನು ಮೂರು ಗುಂಪು ಮಾಡಿ ರಿಸ್ಪೆರಿಡೋನ್, ಹ್ಯಾಲೋಪೆರಿಡಾಲ್ ಇಲ್ಲವೇ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟರು. ನಾಲ್ಕು ವಾರಗಳಲ್ಲಿ ಮೂರೂ ಗುಂಪುಗಳಲ್ಲಿ ಆಕ್ರಮಣ ಇಳಿಯಿತು. ಹೆಚ್ಚು ಇಳಿದದ್ದು ಹುಸಿ ಮಾತ್ರೆಯವರಲ್ಲಿ! ಹಾಗಂತ ಔಷಧವೇ ಬೇಡವೆಂದಲ್ಲ. ಸೈಕೋಸಿಸ್‌ನಂಥ ಕಾಯಿಲೆಗೆ ಬೇಕಾಗುತ್ತದೆ. ಈಗಾಗಲೇ ಕೊಡುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ.

ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಮೂರು ಕಾಲಂ ಸಾಕು: ಮೊದಲು ಏನಾಯ್ತು, ಏನು ಮಾಡಿದ, ಆಮೇಲೆ ಏನಾಯ್ತು. ಎರಡು ವಾರ ಬರೆದು ವೈದ್ಯರ ಮುಂದಿಡಿ. ಮೈಯೆಲ್ಲ ಪರೀಕ್ಷೆ ಮಾಡಿಸಿ. ಆಮೇಲೂ ಮಾತ್ರೆ ಬರೆದರೆ ಸಂಕೋಚಪಡದೆ ಕೇಳಿ: ‘ಇದು ಯಾವ ಕಾಯಿಲೆಗೆ ಸಾರ್? ಎಷ್ಟು ದಿನಕ್ಕೆ?’ ಅವನು ಕೇಳಲಾರ, ನಾವೇ ಕೇಳಬೇಕು.