ಇಳಕಲ್ ಸೀರೆ, ಖಣದ ಕುಪ್ಪಸ
ಬಾಗಲಕೋಟೆ ಜಿಲ್ಲೆ, 20ನೇ ಶತಮಾನ. ಹತ್ತಿ, ರೇಷ್ಮೆ, ಕೈಮಗ್ಗ.

ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ಕೆಂಪು ರೇಷ್ಮೆ. ಒಡಲು-ಸೆರಗು ಕೂಡುವ ಗೆರೆಯನ್ನು ಬಗ್ಗಿ ನೋಡಿ: ಅಲ್ಲಿ ಹೊಲಿಗೆಯಿಲ್ಲ. ಎರಡೂ ಹಾಸುನೂಲುಗಳನ್ನು ಒಂದರೊಳಗೊಂದು ಸಿಕ್ಕಿಸಿ ಕೊಂಡಿ ಹಾಕಿದ್ದಾರೆ. ಕೊಂಡಿ ಹಾಕುವ ಸೀರೆಗೆ ಪ್ರತಿ ಸಲವೂ ಹೊಸದಾಗಿ ಹಾಸು ಹೂಡಬೇಕು; ನೇಕಾರರ ಮನೆಯ ಹೆಣ್ಣುಮಕ್ಕಳ ಕೈಕೆಲಸ ಇದರಲ್ಲಿ ಬಹಳ. ಸೆರಗಿನ ಬಿಳಿ ಚಿತ್ತಾರದಲ್ಲಿ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆಗಳನ್ನು ಗುರುತಿಸಬಹುದು.

ಕಚ್ಚೆ ಹಾಕಿ ಉಡುವವರಿಗೆ 9 ಗಜ ಬೇಕಿತ್ತು. ಒಳಲಂಗದ ಮೇಲೆ ನೆರಿಗೆ ಹಿಡಿದು ಉಡುವ ರೂಢಿ ಹಬ್ಬಿದಂತೆ 6 ಗಜ ಸಾಕಾಯಿತು. ಕೃತಕ ರೇಷ್ಮೆ ಅಗ್ಗಕ್ಕೆ ಸಿಕ್ಕಾಗ ಹತ್ತಿಯ ಒಡಲೂ ಹೊಳೆಯತೊಡಗಿತು. ಅಂಚು ಮಾತ್ರ ಹಟಮಾರಿ, ಕೆಂಪು ಬಿಡಲೊಲ್ಲದು.

ಚಂಚಲವಾದದ್ದು ಕುಪ್ಪಸ. ಎದೆಯ ಕೆಳಗೆ ಗಂಟು ಕಟ್ಟುತ್ತಿದ್ದುದಕ್ಕೆ ಹುಕ್ಕು ಬಂತು, ಹೆಸರೂ ಬ್ಲೌಸ್ ಆಯಿತು. 1960ರ ದಶಕದಲ್ಲಿ ಸಿನಿಮಾ ತಾರೆಯರನ್ನು ನೋಡಿ ಪಟ್ಟಣಗಳಲ್ಲಿ ತೋಳೇ ಮಾಯವಾಯಿತು. 1980ರ ದಶಕದಲ್ಲಿ ಬುಗ್ಗೆ ತೋಳು ಮರಳಿತು. ಹಳೆಯ ಕುಪ್ಪಸ ಹೊಲಿಯುವವರು ಖಣದ ಅಂಚು ತೋಳಿನ ತುದಿಗೇ ಬರುವಂತೆ ಬಟ್ಟೆ ಕತ್ತರಿಸುತ್ತಿದ್ದರು.

ಗುಳೇದಗುಡ್ಡದ ಈ ಖಣ ಕುಪ್ಪಸಕ್ಕೆಂದೇ ನೇಯ್ದ ಅಗಲ ಕಡಿಮೆಯ ಬಟ್ಟೆ. ಈಚಿನ ವರ್ಷಗಳಲ್ಲಿ ಅದೇ ನೇಯ್ಗೆಯಲ್ಲಿ ಸೀರೆ, ಕುರ್ತಾ, ಕೈಚೀಲಗಳೂ ಅಂಗಡಿಗೆ ಬಂದಿವೆ.