ಲೈಬ್ರರಿ ಪ್ಯಾಕೇಜಿಂಗ್: ಲಿನಕ್ಸ್ ವಿತರಣೆ ಮತ್ತು ಭಾಷಾ ಪ್ಯಾಕೇಜ್ ಮ್ಯಾನೇಜರ್
ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡಿಗೆ ಲೈಬ್ರರಿ ಎನ್ನುತ್ತಾರೆ. ಲಿನಕ್ಸ್ ಯಂತ್ರಕ್ಕೆ ಅದು ಎರಡು ದಾರಿಯಲ್ಲಿ ಬರುತ್ತದೆ: ಡೆಬಿಯನ್, ಫೆಡೋರಾದಂಥ ವಿತರಣೆಯ ಭಂಡಾರದಿಂದ, ಇಲ್ಲವೇ ಪೈಥಾನಿನ ಪಿಪ್, ಜಾವಾಸ್ಕ್ರಿಪ್ಟಿನ ಎನ್‌ಪಿಎಂ, ರಸ್ಟ್‌ನ ಕಾರ್ಗೋ ಮುಂತಾದ ಭಾಷಾ ಪ್ಯಾಕೇಜ್ ಮ್ಯಾನೇಜರ್‌ಗಳಿಂದ. ಲೈಬ್ರರಿ ಕೆಟ್ಟರೆ ಸರಿಪಡಿಸುವ ಹೊಣೆ ಯಾರದು ಎಂಬಲ್ಲಿ ಇವೆರಡೂ ಬೇರೆಯಾಗುತ್ತವೆ.

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್‌ನಲ್ಲಿ ಆ ಹೊಣೆ ಪ್ಯಾಕೇಜಿನ ಮೇಂಟೇನರ್‌ನದು. ಅವರು ಪರವಾನಗಿ ಪರಿಶೀಲಿಸಿ, ಕೋಡನ್ನು ಉಳಿದ ವ್ಯವಸ್ಥೆಗೆ ಹೊಂದಿಸುತ್ತಾರೆ. ಸಾಮಾನ್ಯವಾಗಿ ಒಂದು ಬಿಡುಗಡೆಯಲ್ಲಿ ಒಂದು ಲೈಬ್ರರಿಯ ಒಂದೇ ಆವೃತ್ತಿ ಇರುತ್ತದೆ. 2014ರಲ್ಲಿ ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಇದರ ಬೆಲೆ ತಿಳಿಯಿತು: ಒಂದು ಪ್ಯಾಕೇಜ್ ನವೀಕರಿಸಿ ಸೇವೆಗಳನ್ನು ಮರುಚಾಲನೆ ಮಾಡಿದಾಗ, ಅದನ್ನು ಹಂಚಿಕೊಂಡಿದ್ದ ಪ್ರೋಗ್ರಾಮುಗಳೆಲ್ಲ ಸರಿಹೋದವು. ಹಾಗೆಂದು ಮಧ್ಯದಲ್ಲಿರುವ ಮೇಂಟೇನರ್‌ಗಳ ಕೈ ತಪ್ಪುವುದೇ ಇಲ್ಲವೆಂದಲ್ಲ. ಅದೇ ಲೈಬ್ರರಿಗೆ ಡೆಬಿಯನ್ 2006ರಲ್ಲಿ ಮಾಡಿಕೊಂಡ ತಿದ್ದುಪಡಿಯಿಂದ ಗೂಢಲಿಪಿ ಕೀಲಿಗಳು ಊಹಿಸಬಹುದಾದಷ್ಟು ದುರ್ಬಲವಾದವು. ಅದು ಪತ್ತೆಯಾದದ್ದು 2008ರಲ್ಲಿ.

ಭಾಷಾ ಭಂಡಾರಗಳ ಪೈಕಿ ಪರ್ಲ್‌ನ ಸಿಪ್ಯಾನ್ 1995ರದು, ಪೈಥಾನಿನ ಪೈಪಿಐ 2003ರದು, ಎನ್‌ಪಿಎಂ 2010ರದು. ಇಲ್ಲಿ ಲೇಖಕನೇ ನೇರ ಪ್ರಕಟಿಸುತ್ತಾನೆ, ಸರಿಪಡಿಸುವ ಹೊಣೆಯೂ ಅವನದೇ. ಹೊಸ ಆವೃತ್ತಿ ಅಂದೇ ಸಿಗುತ್ತದೆ. ತೆಗೆದುಹಾಕುವುದೂ ಅಷ್ಟೇ ಸಲೀಸಾಗಿತ್ತು. 2016ರ ಮಾರ್ಚ್‌ನಲ್ಲಿ ಲೇಖಕರೊಬ್ಬರು ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಹಿಂತೆಗೆದುಕೊಂಡಾಗ ಅದನ್ನು ನೆಚ್ಚಿದ್ದ ಅಸಂಖ್ಯ ಯೋಜನೆಗಳ ಬಿಲ್ಡ್ ನಿಂತುಹೋಗಿ, ಎನ್‌ಪಿಎಂ ಅದನ್ನು ಮರಳಿ ಹಾಕಬೇಕಾಯಿತು.

ಎರಡೂ ಒಂದೇ ಯಂತ್ರದಲ್ಲಿ ಸೇರಿದಾಗ ತಿಕ್ಕಾಟ ಜೋರು. ಹಿಂದೆ ಡೆಬಿಯನ್‌ನಲ್ಲಿ ‘ಸುಡೊ ಪಿಪ್ ಇನ್‌ಸ್ಟಾಲ್’ ಕೊಟ್ಟರೆ ಲೈಬ್ರರಿ ಯುಎಸ್‌ಆರ್-ಲೋಕಲ್ ಫೋಲ್ಡರಿನೊಳಗೆ ಕೂರುತ್ತಿತ್ತು. ಪೈಥಾನ್ ಹುಡುಕುವುದು ಮೊದಲು ಅಲ್ಲೇ. ಹಾಗಾಗಿ ಡೆಬಿಯನ್‌ನ ಪ್ಯಾಕೇಜ್ ಸಾಧನ ಆಪ್ಟ್ ಹಾಕಿದ ಪ್ರತಿ ಮರೆಯಾಗಿ, ಅದನ್ನು ನಂಬಿದ್ದ ವ್ಯವಸ್ಥೆಯ ಪ್ರೋಗ್ರಾಮ್ ಮುರಿಯಬಹುದಿತ್ತು. ಇದನ್ನು ತಡೆಯಲೆಂದೇ ಪೆಪ್ 668 ಎಂಬ ಪೈಥಾನ್ ನಿಯಮ ಬಂತು. 2023ರ ಡೆಬಿಯನ್ 12ರಿಂದ ವ್ಯವಸ್ಥೆಯ ಪೈಥಾನಿಗೆ ಹಾಕಹೊರಟರೆ ಪಿಪ್ ನಿರಾಕರಿಸಿ, ವರ್ಚುವಲ್ ಎನ್ವಿರಾನ್ಮೆಂಟ್ ಎಂಬ ಪ್ರತ್ಯೇಕ ಫೋಲ್ಡರ್ ಬಳಸಲು ಹೇಳುತ್ತದೆ. ಹಟ ಹಿಡಿದವರಿಗೆ ‘ಬ್ರೇಕ್-ಸಿಸ್ಟಮ್-ಪ್ಯಾಕೇಜಸ್’ ಎಂಬ ಆಯ್ಕೆಯಿದೆ. ಇಷ್ಟು ಮುಚ್ಚುಮರೆಯಿಲ್ಲದ ಹೆಸರು ತಂತ್ರಾಂಶದಲ್ಲಿ ಅಪರೂಪ.

ರಸ್ಟ್ ಮತ್ತು ಗೋ ಭಾಷೆಗಳ ತೊಡಕು ಇಂಥ ತಡೆಯಿಂದ ಬಗೆಹರಿಯುವಂಥದ್ದಲ್ಲ. ಅವುಗಳಲ್ಲಿ ಲೈಬ್ರರಿಗಳು ಸಾಮಾನ್ಯವಾಗಿ ಪ್ರೋಗ್ರಾಮಿನೊಳಗೇ ಬೆಸೆದುಹೋಗುತ್ತವೆ. ಒಂದರಲ್ಲಿ ದೋಷ ಕಂಡರೆ ಅದನ್ನು ಒಳಗೊಂಡ ಪ್ರತಿ ಪ್ರೋಗ್ರಾಮನ್ನೂ ವಿತರಣೆ ಮತ್ತೆ ಕಂಪೈಲ್ ಮಾಡಿ ಹಂಚಬೇಕು.