ಬಾನಿನಲ್ಲಿ ಹರಿದ ಹಗ್ಗ

ಸೈಕಲ್ಲಿನ ಡೈನಮೋ ಬಲ್ಲವರಿಗೆ ಈ ಕಥೆ ಕಷ್ಟವಲ್ಲ. ಡೈನಮೋ ಚಕ್ರಕ್ಕೆ ತಾಗಿದೊಡನೆ ದೀಪ ಹೊತ್ತಿಕೊಳ್ಳುತ್ತದೆ; ಪೆಡಲೂ ಭಾರವಾಗುತ್ತದೆ. ಬೆಳಕು ಪುಕ್ಕಟೆ ಬರುವುದಿಲ್ಲ, ತುಳಿಯುವವನ ಕಾಲಿನಿಂದ ಬರುತ್ತದೆ. ಇದೇ ಲೆಕ್ಕವನ್ನು ಇಟಲಿ ಮತ್ತು ಅಮೆರಿಕದ ವಿಜ್ಞಾನಿಗಳು ಭೂಮಿಯಿಂದ ಸುಮಾರು 300 ಕಿಲೋಮೀಟರ್ ಎತ್ತರದಲ್ಲಿ ಪರೀಕ್ಷಿಸಿ ನೋಡಿದರು.

ಬಾನಿಗೆ ಏಣಿ ಹಾಕುವ ಕನಸು ಹಳೆಯದು. ಪ್ಯಾರಿಸ್ಸಿನ ಐಫೆಲ್ ಗೋಪುರದಿಂದ ಪ್ರೇರಿತರಾಗಿ ರಷ್ಯದ ತ್ಸಿಯೊಲ್ಕೋವ್‌ಸ್ಕಿ 1895ರಲ್ಲೇ ಅಂತರಿಕ್ಷ ಮುಟ್ಟುವ ಗೋಪುರವೊಂದನ್ನು ಕಲ್ಪಿಸಿದ್ದರು. ಗೋಪುರ ಕಟ್ಟುವ ಬದಲು ಮೇಲಿನ ಉಪಗ್ರಹದಿಂದಲೇ ಹಗ್ಗ ಇಳಿಬಿಡಬಹುದೆಂದು 1960ರಲ್ಲಿ ಯೂರಿ ಆರ್ತ್ಸುತಾನೋವ್ ಬರೆದರು. ಅಷ್ಟು ಉದ್ದದ, ಅಷ್ಟು ಗಟ್ಟಿಯಾದ ಹಗ್ಗ ಇಂದಿಗೂ ಸಿದ್ಧವಾಗಿಲ್ಲ. ಹೆಚ್ಚು ಕೈಗೆಟಕುವ ಯೋಜನೆಯನ್ನು ಮುಂದಿಟ್ಟವರು ಇಟಲಿಯ ಜ್ಯುಸೆಪ್ಪೆ ಕೊಲಂಬೊ ಮತ್ತು ಮಾರಿಯೋ ಗ್ರಾಸ್ಸಿ. 1970ರ ದಶಕದ ಮಾತು ಅದು. ಬಾಹ್ಯಾಕಾಶ ನೌಕೆಯಿಂದ 20 ಕಿಲೋಮೀಟರ್ ಹಗ್ಗ ಬಿಚ್ಚಿ, ಅದರ ತುದಿಯಲ್ಲಿ ಉಪಗ್ರಹವೊಂದನ್ನು ಗಾಳಿಪಟದಂತೆ ತೇಲಿಬಿಡುವ ಯೋಜನೆ ಹೀಗೆ ರೂಪುಗೊಂಡಿತು.

ಹಗ್ಗದೊಳಗೆ ತಾಮ್ರದ ತಂತಿ. ಸೆಕೆಂಡಿಗೆ ಸುಮಾರು 8 ಕಿಲೋಮೀಟರ್ ವೇಗದಲ್ಲಿ ಅದು ಭೂಮಿಯ ಕಾಂತಕ್ಷೇತ್ರವನ್ನು ಹಾದುಹೋಗುವಾಗ ವಿದ್ಯುತ್ ಹುಟ್ಟುತ್ತದೆ. ಆದರೆ ಆ ವಿದ್ಯುತ್ತಿಗೆ ಬೆಲೆ ತೆರುವುದು ನೌಕೆಯ ವೇಗ. ನೌಕೆ ನಿಧಾನವಾಗಿ ಕೆಳಗಿಳಿಯುತ್ತದೆ. ಸೌರಫಲಕದ ವಿದ್ಯುತ್ತನ್ನು ತಂತಿಯಲ್ಲಿ ತಿರುಗಿ ಹರಿಸಿದರೆ ಡೈನಮೋ ಮೋಟಾರಾಗುತ್ತದೆ. ಇಂಧನ ಸುಡದೆ ಮೇಲೇರಬಹುದು. 1993ರಲ್ಲಿ 500 ಮೀಟರಿನ ತಂತಿಯೊಂದು ಈ ಎರಡೂ ಕೆಲಸ ಮಾಡಿ ತೋರಿಸಿತು.

ಉದ್ದನೆಯ ಹಗ್ಗದ ಹಾದಿ ಮಾತ್ರ ಸುಗಮವಾಗಿರಲಿಲ್ಲ. 1992ರಲ್ಲಿ ಅಟ್ಲಾಂಟಿಸ್ ನೌಕೆಯಿಂದ ಬಿಚ್ಚಿದ ಹಗ್ಗ ಸುಮಾರು 260 ಮೀಟರಿಗೇ ನಿಂತುಹೋಯಿತು. ಕಾರಣ, ಸುರುಳಿಯ ಯಂತ್ರದಲ್ಲಿ ಹೊರಚಾಚಿದ್ದ ಒಂದು ಬೋಲ್ಟು! 1996ರ ಫೆಬ್ರವರಿ 25ರಂದು ಕೊಲಂಬಿಯಾದಿಂದ ಮತ್ತೆ ಪ್ರಯತ್ನ ನಡೆಯಿತು. 19.7 ಕಿಲೋಮೀಟರ್ ಬಿಚ್ಚಿಕೊಂಡಿದ್ದಾಗ, ಸುಮಾರು 3,500 ವೋಲ್ಟ್ ಹುಟ್ಟುತ್ತಿದ್ದಾಗ, ಹಗ್ಗ ಹರಿಯಿತು. ತಂತಿಯ ಹೊದಿಕೆ ಒಂದೆಡೆ ಕೆಟ್ಟಿತ್ತು. ಅಲ್ಲಿಂದ ಹಾರಿದ ವಿದ್ಯುತ್ ಕಿಡಿ ಹಗ್ಗವನ್ನು ಸುಟ್ಟಿತ್ತು.

ಸೋಲೇ? ಹೌದು. ಆದರೆ ಹಗ್ಗ ಸುಟ್ಟದ್ದು ಅದರಲ್ಲಿ ನಿಜಕ್ಕೂ ವಿದ್ಯುತ್ ಇದ್ದುದರಿಂದ. ಇನ್ನೊಂದು ಪಾಠವೂ ಅಲ್ಲಿತ್ತು. ಕೆಳಗಿನ ನೌಕೆಯ ಜೊತೆಯಲ್ಲೇ ಸುತ್ತುತ್ತಿದ್ದ ಉಪಗ್ರಹ, ತನ್ನ ಎತ್ತರಕ್ಕೆ ಬೇಕಾದುದಕ್ಕಿಂತ ಹೆಚ್ಚು ವೇಗದಲ್ಲಿತ್ತು. ಕಟ್ಟು ಬಿಚ್ಚಿದೊಡನೆ ಅದು ಕವಣೆ ಬಿಟ್ಟ ಕಲ್ಲಿನಂತೆ ನೂರು ಕಿಲೋಮೀಟರಿಗೂ ಹೆಚ್ಚು ಮೇಲಕ್ಕೆ ಚಿಮ್ಮಿತು. ರಾಕೆಟ್ಟಿಲ್ಲದೆ ಉಡಾಯಿಸುವ ಉಪಾಯ ಹೀಗೆ, ಯಾರೂ ಬಯಸದೆ, ಕಣ್ಣೆದುರೇ ನಡೆದುಹೋಯಿತು. ಬಾಲ ಬಿಟ್ಟುಕೊಂಡು ಸಾಗಿದ ಆ ಉಪಗ್ರಹವನ್ನು ಜನ ನೆಲದಿಂದ ಬರಿಗಣ್ಣಿನಲ್ಲೇ ಕಂಡರು. ಕೆಲವೇ ವಾರಗಳಲ್ಲಿ ಅದು ವಾತಾವರಣಕ್ಕೆ ಬಿದ್ದು ಉರಿದುಹೋಯಿತು.

ಕೆಟ್ಟುಹೋದ ಉಪಗ್ರಹಗಳನ್ನು ಕೆಳಗಿಳಿಸಲು ಇಂಥ ತಂತಿ ನೆರವಾದೀತೆಂಬ ಆಸೆಯಿಂದ ಜಪಾನ್ 2017ರಲ್ಲಿ ಪ್ರಯೋಗವೊಂದಕ್ಕೆ ಕೈಹಾಕಿತು. ಹಗ್ಗ ಬಿಚ್ಚಿಕೊಳ್ಳಲೇ ಇಲ್ಲ. ಸೂತ್ರ ಸರಿಯಿದೆ, ಹಗ್ಗವೇ ಇನ್ನೂ ಪಳಗಬೇಕು. ಪಳಗಿದ ಮೇಲೂ ಡೈನಮೋದ ಲೆಕ್ಕ ಬದಲಾಗದು: ಬೆಳಕು ಬೇಕಾದರೆ ಯಾರಾದರೂ ತುಳಿಯಲೇಬೇಕು.